ಎಚ್‌ಆರ್ ಕನ್ಸಲ್ಟೆಂಟ್ ಯಾಕೆ ಬೇಕು, ಯಾವಾಗ ಬೇಡ: ಸಣ್ಣ ಫ್ಯಾಕ್ಟರಿ ಮಾಲೀಕರು ಪದೇ ಪದೇ ಕೇಳೋ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ, ಬೆಳಗಾವಿ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಎಲ್ಲೇ ಹೋದ್ರೂ ಮಾಲೀಕರು ಕೇಳೋದು ಹೆಚ್ಚು ಕಮ್ಮಿ ಇದೇ ಪ್ರಶ್ನೆಗಳು. ಫೋನಲ್ಲಿ ಒಬ್ಬೊಬ್ಬರಿಗೂ ಹೇಳೋ ಬದಲು ಎಲ್ಲಾ ಒಂದು ಕಡೆ ಬರೆದು ಹಾಕಿದೀವಿ. ನಮ್ಮ ಕಸುಬೇ ಎಚ್‌ಆರ್ ಕನ್ಸಲ್ಟೆನ್ಸಿ, ಅಂದ್ರೆ ಕಾರ್ಮಿಕರ ಸಂಬಳ, ಕಾನೂನು, ತಕರಾರಿನ ವಿಷಯದಲ್ಲಿ ಹೊರಗಿಂದ ಸಲಹೆ ಕೊಡೋದು, ಹಂಗಾಗಿ ನಮ್ಮ ಕಡೆ ಸ್ವಲ್ಪ ವಾಲಿರತ್ತೆ ಅಂದ್ಕೊಂಡೇ ಓದಿ. ಆದ್ರೆ ಕನ್ಸಲ್ಟೆಂಟ್ ಬೇಡ ಅನ್ನೋ ಕಡೆ ಬೇಡ ಅಂತಾನೂ ಬರೆದಿದೀವಿ.

ನಮ್ಮಲ್ಲಿ ಇರೋದೇ 14 ಜನ. ನಮಗೂ ಎಚ್‌ಆರ್ ಕನ್ಸಲ್ಟೆಂಟ್ ಬೇಕಾ?

ಪ್ರತಿ ತಿಂಗಳು ಬರೋ ಕನ್ಸಲ್ಟೆಂಟ್ ಬೇಡ. ವರ್ಷಕ್ಕೆ ಒಂದೆರಡು ಸಲ ಕೂತು ಎಲ್ಲಾ ಪೇಪರ್ ನೋಡಿಸಿದ್ರೆ ಸಾಕು.

ಆದ್ರೆ ಎರಡು ನಂಬರ್ ತಲೇಲಿಟ್ಕೊಳ್ಳಿ, 10 ಮತ್ತು 20. ಹತ್ತು ಜನ ಆದ್ರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಬರತ್ತೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷದ ಲೆಕ್ಕದಲ್ಲಿ ಕೊಡೋ ದುಡ್ಡು) ಬರತ್ತೆ, ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಮಾಡ್ಬೇಕು. ಇಪ್ಪತ್ತಾದ್ರೆ ಪಿಎಫ್ (ಭವಿಷ್ಯ ನಿಧಿ) ಮತ್ತು ಬೋನಸ್. ಈಗ ಎಡವಟ್ಟಾಗೋದು ಎಣಿಸೋದ್ರಲ್ಲಿ. ಮಾಲೀಕರು "ರೋಲಲ್ಲಿ" ಇರೋರನ್ನ ಮಾತ್ರ ಎಣಿಸ್ತಾರೆ, ಕಂಟ್ರಾಕ್ಟರ್ ಕಡೆಯಿಂದ ಬಂದಿರೋ ಇಬ್ಬರು ಹೆಲ್ಪರ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಅಮ್ಮ, ವೋಚರಲ್ಲಿ ಸಂಬಳ ತಗೊಳ್ಳೋ ಅಕೌಂಟ್ಸ್ ಹುಡುಗಿ, ಇವರ್ಯಾರೂ ಲೆಕ್ಕಕ್ಕೇ ಬರಲ್ಲ ಅಂದ್ಕೊಂಡಿರ್ತಾರೆ, ಇನ್‌ಸ್ಪೆಕ್ಷನ್‌ಗೆ ಬಂದೋರು ಅವರನ್ನೇ ಮೊದಲು ಎಣಿಸ್ತಾರೆ. ಹದಿನೇಳು ಅಂದ್ಕೊಂಡಿದ್ದು ಇಪ್ಪತ್ತೊಂದಾಗಿ, ಎರಡು ಮೂರು ವರ್ಷದ ಹಿಂದಿನಿಂದ ಪಿಎಫ್ ಕಟ್ಟಿ ಅಂತ ನೋಟಿಸ್ ಬಂದಾಗ, ಆಗಿನ ಕಾರ್ಮಿಕರ ಪಾಲನ್ನೂ ಈಗ ಮಾಲೀಕರೇ ಕೈಯಿಂದ ಹಾಕ್ಬೇಕು. ಬಿಟ್ಟು ಹೋದವನ ಸಂಬಳದಲ್ಲಿ ಎಲ್ಲಿಂದ ಹಿಡೀತೀರ? ಇನ್ನೊಂದು ವಿಷ್ಯ, ಒಮ್ಮೆ ಕವರ್ ಆದ ಮೇಲೆ ಜನ ಕಮ್ಮಿ ಆದ್ರೂ ಪಿಎಫ್, ಇಎಸ್‌ಐ ನಿಲ್ಲಲ್ಲ.

ಎಂಟು ಜನ ಇರೋ ಅಂಗಡಿಗೆ ತಿಂಗಳ ಫೀಸಿನ ಪ್ಯಾಕೇಜ್ ಮಾರೋಕೆ ಯಾರಾದ್ರೂ ಬಂದ್ರೆ ಕಾಫಿ ಕೊಟ್ಟು ಕಳಿಸಿ.

ನಮ್ಮ ಸಿಎ ಎಲ್ಲಾ ನೋಡ್ಕೋತಾರಲ್ಲ?

ಚಲನ್ ನೋಡ್ಕೋತಾರೆ. ಅದರಲ್ಲಿ ತಪ್ಪೇನಿಲ್ಲ, ಅಲ್ಲಿ ಅವರೇ ಚೆನ್ನಾಗಿ ಮಾಡ್ತಾರೆ. ಪಿಎಫ್ ಆಗ್ಲಿ ಇಎಸ್‌ಐ ಆಗ್ಲಿ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು, ಪಿಎಫ್ ಲೇಟಾದ್ರೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ಡ್ಯಾಮೇಜಸ್ ಅಂತ ದಂಡ, ಇದೆಲ್ಲ ಯಾವ ಸಿಎ ಆಫೀಸಿನ ಹುಡುಗನಿಗೂ ಗೊತ್ತು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಚೆಕ್‌ಮೇಟ್ ಸರ್ವೀಸಸ್ ಕೇಸಲ್ಲಿ ತೀರ್ಪು ಕೊಡ್ತು, ಕಾರ್ಮಿಕರಿಂದ ಹಿಡಿದ ಪಿಎಫ್ ದುಡ್ಡನ್ನ ಆ ತಾರೀಖು ದಾಟಿ ಕಟ್ಟಿದ್ರೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಅದನ್ನ ಖರ್ಚು ಅಂತ ತೋರಿಸೋ ಹಂಗಿಲ್ಲ ಅಂತ. ಆಗ ಎಷ್ಟೋ ಮಾಲೀಕರಿಗೆ ಹಳೇ ವರ್ಷಗಳ ಮೇಲೆ ಟ್ಯಾಕ್ಸ್ ಡಿಮಾಂಡ್ ಬಂತು. ನಲವತ್ತು ಜನರಿಂದ ತಲಾ 1,800 ಹಿಡಿದ್ರೆ ತಿಂಗಳಿಗೆ 72,000 ರೂಪಾಯಿ, ಒಂದೇ ಒಂದು ದಿನ ಲೇಟಾಗಿದ್ರೂ ಅಷ್ಟೂ ಲಾಭಕ್ಕೆ ಸೇರ್ತು. ಇಂಥ ವಿಷಯಕ್ಕೆ ಸಿಎ ಹತ್ರಾನೇ ಹೋಗಿ, ಟ್ಯಾಕ್ಸ್ ರೂಲು ಆಗಾಗ ಬದಲಾಗ್ತಿರತ್ತೆ.

ಆದ್ರೆ ನೈಟ್ ಶಿಫ್ಟಲ್ಲಿ ಇಬ್ಬರು ಹೊಡೆದಾಡಿಕೊಂಡ್ರು, ಒಬ್ಬಾಕೆ ಸೂಪರ್‌ವೈಸರ್ ಮೇಲೆ ದೂರು ಕೊಟ್ಟಿದಾಳೆ, ಹನ್ನೆರಡು ಜನ ಒಟ್ಟಿಗೆ ಓಟಿ (ಓವರ್‌ಟೈಮ್) ಮಾಡಲ್ಲ ಅಂತ ಗೇಟ್ ಹತ್ರ ನಿಂತಿದಾರೆ, ಈ ಫೋನ್ ಬೆಳಗ್ಗೆ ಏಳು ಗಂಟೆಗೆ ಸಿಎಗೆ ಹೋದ್ರೆ ಪಾಪ ಅವರು ಏನು ಮಾಡ್ತಾರೆ. ನಮ್ಮ ಕೆಲಸ ಶುರುವಾಗೋದು ಅಲ್ಲಿ. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ ಅದಕ್ಕೂ ಆರು ತಿಂಗಳು ಮುಂಚೆ.

ಬೇಸಿಕ್ (ಮೂಲ ವೇತನ) ಕಮ್ಮಿ ತೋರಿಸಿ ಪಿಎಫ್ ಉಳಿಸೋ ಥರ ಸ್ಯಾಲರಿ ಸ್ಟ್ರಕ್ಚರ್ ಮಾಡ್ಕೊಡ್ತೀರಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದೇ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳ್ತೀವಿ.

ಒಂದು ಕಾಲದಲ್ಲಿ ಎಲ್ಲರೂ ಮಾಡ್ತಿದ್ದು ಇದನ್ನೇ. ಬೇಸಿಕ್ ಮೂರನೇ ಒಂದು ಭಾಗ, ಮಿಕ್ಕಿದ್ದೆಲ್ಲ ಸ್ಪೆಷಲ್ ಅಲೋವೆನ್ಸ್, ವಾಷಿಂಗ್ ಅಲೋವೆನ್ಸ್, ಆ ಅಲೋವೆನ್ಸ್ ಈ ಅಲೋವೆನ್ಸ್. 2019ರ ಫೆಬ್ರವರಿಯಲ್ಲಿ ವಿವೇಕಾನಂದ ವಿದ್ಯಾಮಂದಿರ್ ಕೇಸಲ್ಲಿ ಸುಪ್ರೀಂ ಕೋರ್ಟು, ಎಲ್ಲರಿಗೂ ಒಂದೇ ಥರ ಕೊಡೋ ಸ್ಪೆಷಲ್ ಅಲೋವೆನ್ಸನ್ನೂ ಪಿಎಫ್ ಲೆಕ್ಕಕ್ಕೆ ಸೇರಿಸಿ ಅಂತು. ಅರ್ಧ ಬಾಗಿಲು ಅಲ್ಲೇ ಮುಚ್ಚಿತ್ತು. ಆಮೇಲೆ 2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂತು, 29 ಹಳೇ ಕಾನೂನು ಅದರೊಳಗೆ ಸೇರ್ಕೊಂಡ್ವು, ಅದರಲ್ಲಿ "ವೇತನ" ಅಂದ್ರೆ ಏನು ಅನ್ನೋದೇ ಬದಲಾಯ್ತು. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಕನ್ವೇಯನ್ಸ್ (ಓಡಾಟದ ಭತ್ಯೆ) ಥರದ್ದು ವೇತನದಿಂದ ಹೊರಗಿಡಬಹುದು, ಆದ್ರೆ ಹೊರಗಿಟ್ಟಿದ್ದು ಒಟ್ಟು ಮೊತ್ತದ ಅರ್ಧ ದಾಟಿದ್ರೆ, ದಾಟಿದ್ದೆಲ್ಲ ವಾಪಸ್ ವೇತನಕ್ಕೇ ಸೇರತ್ತೆ.

ಒಂದು ಲೆಕ್ಕ ನೋಡಿ. ಒಬ್ಬ ಫಿಟ್ಟರ್‌ಗೆ ತಿಂಗಳಿಗೆ 24,000. ಬೇಸಿಕ್ 8,000, ಎಚ್‌ಆರ್‌ಎ 10,000, ಕನ್ವೇಯನ್ಸ್ 6,000. ಹೊರಗಿಟ್ಟಿದ್ದು 16,000, ಅರ್ಧ ಅಂದ್ರೆ 12,000, ಜಾಸ್ತಿ ಆಗಿದ್ದು 4,000. ಈಗ ಅವನ ವೇತನ 12,000 ಅಂತ ಹಿಡೀಬೇಕು. ಪಿಎಫ್‌ನಲ್ಲಿ ಮಾಲೀಕರ ಪಾಲು 960 ಇದ್ದಿದ್ದು 1,440 ಆಗತ್ತೆ. ಇದು ಕಣ್ಣಿಗೆ ಕಾಣೋ ಖರ್ಚು. ಕಾಣದೇ ಇರೋದು ಗ್ರಾಚ್ಯುಟಿ. ಹತ್ತು ವರ್ಷ ಕೆಲಸ ಮಾಡಿದವನಿಗೆ 8,000ದ ಮೇಲೆ 15/26 ಲೆಕ್ಕ (ತಿಂಗಳಿಗೆ 26 ದಿನ ಅಂತ ಹಿಡಿದು ವರ್ಷಕ್ಕೆ 15 ದಿನದ ವೇತನ) ಹಾಕಿದ್ರೆ ಸುಮಾರು 46,150 ರೂಪಾಯಿ, 12,000ದ ಮೇಲೆ ಸುಮಾರು 69,230. ಒಬ್ಬನಿಗೇ 23,000 ವ್ಯತ್ಯಾಸ, ನಿಮ್ಮಲ್ಲಿ ಹತ್ತು ವರ್ಷ ದಾಟಿದವರು ಎಷ್ಟು ಜನ ಇದಾರೆ ಎಣಿಸಿ ನೋಡಿ. ಜೊತೆಗೆ ಫಿಕ್ಸೆಡ್ ಟರ್ಮ್ (ಇಷ್ಟೇ ಅವಧಿಗೆ ಅನ್ನೋ ಒಪ್ಪಂದ) ಮೇಲೆ ತಗೊಂಡವರು ಐದು ವರ್ಷ ಕಾಯ್ಬೇಕಾಗಿಲ್ಲ, ಒಂದು ವರ್ಷಕ್ಕೇ ಗ್ರಾಚ್ಯುಟಿ.

ಹಂಗಾಗಿ ಉತ್ತರ ಇಲ್ಲ, ಮಾಡ್ಕೊಡಲ್ಲ. ಮಾಡ್ಕೊಡೋದು ಏನಂದ್ರೆ, ಈಗಿರೋ ಸ್ಟ್ರಕ್ಚರ್ ಇಟ್ಕೊಂಡು ಮುಂದಿನ ಐದು ವರ್ಷದಲ್ಲಿ ನಿಮ್ಮ ತಲೆ ಮೇಲೆ ಎಷ್ಟು ಭಾರ ಬರತ್ತೆ ಅಂತ ಲೆಕ್ಕ ಹಾಕಿ ಕೊಡ್ತೀವಿ, ಅದನ್ನ ನೋಡಿ ನೀವು ಜಾಬ್‌ವರ್ಕ್ ರೇಟು ಕೋಟ್ ಮಾಡಿ. ಎಷ್ಟೋ ಜನ ಗ್ರಾಚ್ಯುಟಿನ ಖರ್ಚು ಅಂತಾನೇ ಸೇರಿಸದೆ ದೊಡ್ಡ ಕಂಪನಿಗೆ ರೇಟು ಕೊಟ್ಟಿರ್ತಾರೆ, ಆಮೇಲೆ ಹಳೇ ಫೋರ್‌ಮನ್ ರಿಟೈರ್ ಆದಾಗ ಎಫ್‌ಡಿ ಮುರೀತಾರೆ.

ಒಬ್ಬ ನೈಟ್ ಶಿಫ್ಟಲ್ಲಿ ನಿದ್ದೆ ಮಾಡ್ತಾನೆ, ಕೇಳಿದ್ರೆ ಜಗಳಕ್ಕೆ ಬರ್ತಾನೆ. "ನಾಳೆಯಿಂದ ಬರ್ಬೇಡ" ಅಂದ್ಬಿಟ್ಟೆ. ತಪ್ಪೇನು?

ತಪ್ಪು ಅವನದ್ದೇ ಇರಬಹುದು. ಆದ್ರೆ ಹಂಗೆ ಬಾಯಿ ಮಾತಲ್ಲಿ ಕಳಿಸಿದ್ರೆ ಕೇಸು ನಿಮ್ಮದು ಬಿದ್ದೋಯ್ತು.

ನಡೀಬೇಕಾದ್ದು ಹೀಗೆ. ಆವತ್ತು ರಾತ್ರಿನೇ ಶಿಫ್ಟ್ ಇನ್‌ಚಾರ್ಜ್ ಕೈಯಲ್ಲಿ ಒಂದು ರಿಪೋರ್ಟ್ ಬರೆಸ್ಕೊಳ್ಳಿ, ಎಷ್ಟು ಗಂಟೆಗೆ, ಯಾವ ಮಷಿನ್ ಹತ್ರ, ಯಾರ್ಯಾರು ನೋಡಿದ್ರು, ಸಹಿ. ಮರುದಿನ ಕಾರ್ಮಿಕನಿಗೆ ಚಾರ್ಜ್‌ಶೀಟ್, ಅವನಿಗೆ ಅರ್ಥ ಆಗೋ ಭಾಷೇಲಿ. ಚನ್ನಪಟ್ಟಣದ ಹುಡುಗನಿಗೆ ಇಂಗ್ಲಿಷ್ ಚಾರ್ಜ್‌ಶೀಟ್ ಕೊಟ್ಟು, ಒಡಿಶಾದಿಂದ ಬಂದವನಿಗೆ ಕನ್ನಡದ್ದು ಕೊಟ್ಟು "ತಗೊಳಲ್ಲ ಅಂತಾನೆ ಸಾರ್" ಅನ್ನೋದು ದಿನಾ ನೋಡ್ತೀವಿ. ಉತ್ತರ ಕೊಡೋಕೆ ಟೈಮು ಕೊಡಿ. ಉತ್ತರ ಸಮಾಧಾನ ಆಗ್ಲಿಲ್ಲ ಅಂದ್ರೆ ಡೊಮೆಸ್ಟಿಕ್ ಎನ್‌ಕ್ವೈರಿ (ಫ್ಯಾಕ್ಟರಿ ಒಳಗಿನ ವಿಚಾರಣೆ), ಅದನ್ನ ನಡೆಸೋರು ದೂರು ಕೊಟ್ಟವರಾಗಿರಬಾರದು, ಸಾಕ್ಷಿ ಹೇಳೋರೂ ಆಗಿರಬಾರದು. ಅವನ ಪರವಾಗಿ ಒಬ್ಬ ಸಹೋದ್ಯೋಗಿ ಕೂರಬಹುದು, ನಿಮ್ಮ ಸಾಕ್ಷಿಗಳನ್ನ ಅವನು ಪ್ರಶ್ನೆ ಮಾಡಬಹುದು. ಆ ಸಮಯದಲ್ಲಿ ಸಸ್ಪೆಂಡ್ ಮಾಡಿದ್ರೆ ಮೊದಲ 90 ದಿನ ಅರ್ಧ ಸಂಬಳ ಕೊಡ್ಬೇಕು. ಕೊಡಲ್ಲ ಅಂತ ಹಠ ಹಿಡಿದು ಅದೊಂದೇ ಕಾರಣಕ್ಕೆ ಎನ್‌ಕ್ವೈರಿ ಪೂರ್ತಿ ಹಾಳು ಮಾಡ್ಕೊಂಡವರಿದಾರೆ. ಕೊನೆಗೆ ಶಿಕ್ಷೆ ಕೊಡೋ ಮುಂಚೆ ಅವನ ಹಳೇ ರೆಕಾರ್ಡ್ ನೋಡ್ಬೇಕು. ಹನ್ನೊಂದು ವರ್ಷ ಒಂದು ಮೆಮೋನೂ ಇಲ್ಲದವನನ್ನ ಒಂದು ದಿನದ ನಿದ್ದೆಗೆ ಡಿಸ್‌ಮಿಸ್ ಮಾಡಿದ್ರೆ ಲೇಬರ್ ಕೋರ್ಟು ಒಪ್ಪಲ್ಲ, ಶಿಕ್ಷೆ ಜಾಸ್ತಿ ಆಯ್ತು ಅಂತ ವಾಪಸ್ ಕಳಿಸತ್ತೆ.

ಇಷ್ಟೆಲ್ಲ ಕೇಳಿ ಮಾಲೀಕರು "ಅಯ್ಯೋ ಇದೆಲ್ಲ ಯಾರು ಮಾಡ್ತಾರೆ" ಅಂತಾರೆ. ಮಾಡದೆ ಇದ್ರೆ ಕೇಸು ಐದಾರು ವರ್ಷ ಎಳೆದು, ಕೊನೆಗೆ ಕೆಲಸಕ್ಕೆ ವಾಪಸ್ ತಗೊಳ್ಳಿ, ಹಿಂದಿನ ಸಂಬಳ ಕೊಡಿ ಅಂತ ಬಂದ್ರೆ ಆಗ ಕೊಡೋ ದುಡ್ಡು ಕನ್ಸಲ್ಟೆಂಟ್ ಫೀಸಿನ ಎಷ್ಟೋ ಪಟ್ಟು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ.

ನಿಜ ಹೇಳ್ಬೇಕಂದ್ರೆ ಇಂಥ ಎಷ್ಟೋ ಫೈಲಲ್ಲಿ ನಾವು ಹೇಳೋದು, ಡಿಸ್‌ಮಿಸ್ ಬೇಡ, ಮೊದಲು ಅವನನ್ನ ಕೂರಿಸಿ ಮಾತಾಡಿ ಅಂತ. ನಿದ್ದೆ ಮಾಡೋನು ಹಗಲು ಇನ್ನೊಂದು ಕಡೆ ಆಟೋ ಓಡಿಸ್ತಿರ್ತಾನೆ, ಇಲ್ಲ ಮನೇಲಿ ಕಾಯಿಲೆ ಇರತ್ತೆ. ಶಿಫ್ಟ್ ಬದಲಾಯಿಸಿದ್ರೆ ಮುಗಿಯೋ ಕಥೆಗಳೇ ಜಾಸ್ತಿ.

ಇವೆಲ್ಲ ನಮ್ಮಂಥ ಸಣ್ಣವರ ತಲೆನೋವು. ದೊಡ್ಡ ಕಂಪನಿಗಳಲ್ಲಿ ಎಲ್ಲಾ ಸರಿ ಇರತ್ತೆ ಅಲ್ವಾ?

ಕೋಲಾರದ ನರಸಾಪುರ ನೆನಪಿದ್ಯಾ? 2020ರ ಡಿಸೆಂಬರ್ 12ರ ಬೆಳಗ್ಗೆ ವಿಸ್ಟ್ರಾನ್ ಫ್ಯಾಕ್ಟರೀಲಿ ನೈಟ್ ಶಿಫ್ಟ್ ಬಿಡೋ ಹೊತ್ತಿಗೆ ಗಲಾಟೆ ಆಯ್ತು, ಗಾಜು ಒಡೆದ್ರು, ಗಾಡಿ ಮಗುಚಿ ಹಾಕಿದ್ರು, ಐಫೋನ್ ಮಾಡೋ ಜಾಗ ಅದು, ದೇಶ ಎಲ್ಲಾ ಸುದ್ದಿ ಆಯ್ತು. ಟಿವೀಲಿ ತೋರಿಸಿದ್ದು ಕಲ್ಲು ಬೀಸೋರನ್ನ ಮಾತ್ರ. ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ಹೋಗಿ ಪರಿಶೀಲಿಸಿ ಕೊಟ್ಟ ವರದೀಲಿ ಇದ್ದ ಮಾತು ನಮ್ಮ ಕಸುಬಿನವರು ಯಾರೂ ಮರೆಯಲ್ಲ. ಕೆಲವೇ ತಿಂಗಳಲ್ಲಿ ಜನ 5,000ದಿಂದ 10,500ಕ್ಕೆ ಏರಿದ್ರೂ, ಕಾರ್ಮಿಕ ಕಾನೂನು ಚೆನ್ನಾಗಿ ಗೊತ್ತಿರೋ ಜನರನ್ನ ಇಟ್ಟು ಎಚ್‌ಆರ್ ವಿಭಾಗ ಸರಿಯಾಗಿ ಕಟ್ಟಿರಲಿಲ್ಲ ಅನ್ನೋದು ಅದರ ಸಾರ. ಸಂಬಳ, ಓಟಿ ಲೆಕ್ಕದಲ್ಲಿ ಗೊಂದಲ, ಹನ್ನೆರಡು ಗಂಟೆ ಶಿಫ್ಟು, ಹೆಚ್ಚಿನ ಜನ ಬೇರೆ ಬೇರೆ ಏಜೆನ್ಸಿಗಳ ಮೂಲಕ ಬಂದವರು, ಸಂಬಳ ಕಮ್ಮಿ ಬಂತು ಅಂದ್ರೆ ಯಾರನ್ನ ಕೇಳ್ಬೇಕು ಅಂತಾನೇ ಗೊತ್ತಿಲ್ಲ. ಕಂಪನಿ ಕ್ಷಮೆ ಕೇಳ್ತು, ಭಾರತದ ವ್ಯವಹಾರ ನೋಡ್ತಿದ್ದ ವೈಸ್ ಪ್ರೆಸಿಡೆಂಟನ್ನ ತೆಗೀತು, ಆಪಲ್ ಅವರನ್ನ ಪ್ರೊಬೇಷನ್‌ನಲ್ಲಿ ಇಟ್ಟಿತು. 2023ರಲ್ಲಿ ಆ ಫ್ಯಾಕ್ಟರಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಹೋಯ್ತು.

ಗಲಾಟೆ ಮಾಡಿದ್ದು ಸರಿ ಅಂತ ನಾವು ಹೇಳ್ತಿಲ್ಲ. ಆದ್ರೆ ಸಂಬಳದ ಚೀಟಿ ಸರಿ ಇಲ್ಲ ಅನ್ನೋ ದೂರು ಎರಡು ತಿಂಗಳು ಕ್ಯಾಂಟೀನಲ್ಲಿ, ಬಸ್ಸಲ್ಲಿ ಓಡಾಡಿರತ್ತೆ. ಅದು ಮ್ಯಾನೇಜ್‌ಮೆಂಟ್ ಕಿವಿಗೆ ಬೀಳೋ ಹಂಗೆ ಒಂದು ದಾರಿ ಮಾಡಿಡೋದೇ ಈ ಕೆಲಸದ ದೊಡ್ಡ ಭಾಗ, ಅದಕ್ಕೆ ಚಲನ್ ಇಲ್ಲ, ರಸೀದಿ ಇಲ್ಲ, ಹಂಗಾಗಿ ಅದಕ್ಕೆ ಯಾಕೆ ದುಡ್ಡು ಕೊಡ್ಬೇಕು ಅಂತ ಯಾರಿಗೂ ಅನ್ಸೋದೂ ಇಲ್ಲ.

ಪಿಎಫ್‌ನಲ್ಲಿ ಹೆಸರು ಮ್ಯಾಚ್ ಆಗ್ತಿಲ್ಲ ಅಂತ ಕಾರ್ಮಿಕರು ದಿನಾ ತಲೆ ತಿಂತಾರೆ. ಅದು ನಮ್ಮ ಕೆಲಸಾನಾ?

ನಿಮ್ಮದೇ. ಮತ್ತೆ ಇದು ಸಣ್ಣ ವಿಷಯ ಅಲ್ಲ.

ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇರತ್ತೆ, ಒಂದು ಊರಿಂದು, ಒಂದು ಅಪ್ಪಂದು. ಮಾರ್ಕ್ಸ್‌ಕಾರ್ಡಲ್ಲಿ "ಮಂಜುನಾಥ ಕೆ ಎಸ್", ಆಧಾರಲ್ಲಿ "ಮಂಜುನಾಥ್", ಬ್ಯಾಂಕ್ ಪಾಸ್‌ಬುಕ್ಕಲ್ಲಿ "ಕೆ ಎಸ್ ಮಂಜುನಾಥ", ಪಿಎಫ್‌ಗೆ ಹಾಕುವಾಗ ಆಫೀಸಿನ ಹುಡುಗ ಅವನ ಅಪ್ಪನ ಹೆಸರೂ ಸೇರಿಸಿ ಇನ್ನೊಂದು ಥರ ಹಾಕಿರ್ತಾನೆ. ಸೇರುವಾಗ ಆಧಾರ್ ನೋಡಿ ಅದರಲ್ಲಿ ಇರೋ ಹಂಗೇ ಟೈಪ್ ಮಾಡಿದ್ರೆ ಎರಡು ನಿಮಿಷದ ಕೆಲಸ. ಬಿಟ್ರೆ, ಮಗಳ ಮದುವೆಗೆ ಅಡ್ವಾನ್ಸ್ ತೆಗೆಯೋಕೆ ಹೋದಾಗ ಕ್ಲೇಮ್ ರಿಜೆಕ್ಟ್, ಜಾಯಿಂಟ್ ಡಿಕ್ಲರೇಷನ್ (ತಿದ್ದುಪಡಿಗೆ ಕಾರ್ಮಿಕ, ಮಾಲೀಕರು ಸೇರಿ ಕೊಡೋ ಅರ್ಜಿ), ಮಾಲೀಕರ ಅಪ್ರೂವಲ್, ಪಿಎಫ್ ಆಫೀಸಿಗೆ ಓಡಾಟ. ಅಷ್ಟರಲ್ಲಿ ಮದುವೆ ಮುಗಿದಿರತ್ತೆ, ಅವನು ಮೀಟರ್ ಬಡ್ಡಿಗೆ ಸಾಲ ಮಾಡಿರ್ತಾನೆ, ಆ ಸಿಟ್ಟು ಪಿಎಫ್ ಆಫೀಸಿನ ಮೇಲೆ ಇರಲ್ಲ, ನಿಮ್ಮ ಮೇಲಿರತ್ತೆ.

ಪಿಎಫ್ ಅಂದ್ರೆ ಕಾರ್ಮಿಕರಿಗೆ ಎಷ್ಟು ಸೂಕ್ಷ್ಮ ಅನ್ನೋದಕ್ಕೆ 2016ರ ಏಪ್ರಿಲ್ ಸಾಕು. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷದ ತನಕ ತೆಗೆಯೋ ಹಂಗಿಲ್ಲ ಅಂತ ಕೇಂದ್ರ ರೂಲು ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರ ಸಾವಿರ ಜನ ಬೀದಿಗೆ ಬಂದ್ರು, ಹೊಸೂರು ರೋಡ್, ತುಮಕೂರು ರೋಡ್ ಎಲ್ಲಾ ಜಾಮ್, ಎರಡೇ ದಿನಕ್ಕೆ ಸರ್ಕಾರ ಆ ರೂಲು ವಾಪಸ್ ತಗೊಳ್ತು.

ಯೂನಿಯನ್ ಬರದೇ ಇರೋ ಹಂಗೆ ನೋಡ್ಕೊಳ್ತೀರಾ?

ಇಲ್ಲ. ಆ ಗ್ಯಾರಂಟಿ ಕೊಡೋರ ಹತ್ರ ಹೋಗಲೂ ಬೇಡಿ. ಏಳು ಜನ ಸೇರಿದ್ರೆ ಯೂನಿಯನ್ ರಿಜಿಸ್ಟರ್‌ಗೆ ಅರ್ಜಿ ಹಾಕಬಹುದು, ಸಂಘ ಕಟ್ಟೋದು ಸಂವಿಧಾನ ಕೊಟ್ಟಿರೋ ಹಕ್ಕು. ಮುಂದೆ ನಿಂತವನನ್ನ ಹೆದರಿಸೋದು, ದೂರದ ಬ್ರ್ಯಾಂಚ್‌ಗೆ ಹಾಕೋದು ಕಾನೂನಿನ ಪ್ರಕಾರ ಅನ್ಯಾಯದ ನಡವಳಿಕೆ, ಅದೇ ಕೇಸಿಗೆ ದಾರಿ.

ಯೂನಿಯನ್ ಬಂದ ಮೇಲೆ ಮಾತುಕತೆ ಮಾಡೋದು ಬೇರೇನೇ ವಿದ್ಯೆ. ಚಾರ್ಟರ್ ಆಫ್ ಡಿಮ್ಯಾಂಡ್ಸ್ (ಬೇಡಿಕೆ ಪಟ್ಟಿ) ಕೈಗೆ ಬಂದ ತಕ್ಷಣ ಮಾಲೀಕರು ಮೊದಲ ಪೇಜಿನ ಸಂಬಳದ ಅಂಕಿ ನೋಡಿ ಬಿಪಿ ಏರಿಸ್ಕೊಳ್ತಾರೆ. ಅನುಭವ ಇರೋರು ಕೊನೇ ಪೇಜು ನೋಡ್ತಾರೆ, ಯೂನಿಫಾರ್ಮು, ಕ್ಯಾಂಟೀನ್ ಚಟ್ನಿ, ಬಸ್ ರೂಟು, ಟಾಯ್ಲೆಟ್ ನೀರು ಅಲ್ಲಿರತ್ತೆ. ಅದರಲ್ಲಿ ನಾಲ್ಕನ್ನ ನಾಳೆನೇ ಸರಿ ಮಾಡಿ ಟೇಬಲ್ಲಿಗೆ ಹೋದ್ರೆ ಮಾತಿನ ಧಾಟಿನೇ ಬದಲಾಗತ್ತೆ. ಒಪ್ಪಂದ ಇಬ್ಬರೇ ಮಾಡ್ಕೊಳ್ಳೋದಾ, ಲೇಬರ್ ಆಫೀಸರ್ ಮುಂದೆ ಮಾಡೋದಾ ಅನ್ನೋದೂ ಮುಖ್ಯ. ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ ಹಿಡಿದು ಮೊದಲನೇದಕ್ಕೆ 18(1), ಎರಡನೇದಕ್ಕೆ 12(3) ಅಂತ ಫೀಲ್ಡಲ್ಲಿ ಇವತ್ತಿಗೂ ಅದೇ ಹೆಸರು. ಬರೀ ಇಬ್ಬರ ನಡುವಿನದ್ದು ಸಹಿ ಹಾಕಿದವರನ್ನ ಮಾತ್ರ ಕಟ್ಟಿಹಾಕತ್ತೆ, ಅಧಿಕಾರಿ ಮುಂದೆ ಆದದ್ದು ಎಲ್ಲಾ ಕಾರ್ಮಿಕರಿಗೂ ಅನ್ವಯ. ಎರಡನೇ ಯೂನಿಯನ್ ಹುಟ್ಟೋ ಸೂಚನೆ ಇರೋ ಜಾಗದಲ್ಲಿ ಈ ವ್ಯತ್ಯಾಸ ಗೊತ್ತಿಲ್ಲದೆ ಸಹಿ ಮಾಡಿದ್ರೆ ಮೂರು ತಿಂಗಳಿಗೆ ಮತ್ತೆ ಮೊದಲಿಂದ. ಇನ್ನೊಂದು, ರಾಜಿ ಸಂಧಾನದ ಹಂತದಲ್ಲಿ ವಕೀಲರು ವಾದ ಮಾಡೋ ಹಂಗಿಲ್ಲ, ಹಂಗಾಗಿ ಅಲ್ಲಿ ಕೂರೋನಿಗೆ ಕಾನೂನೂ ಗೊತ್ತಿರ್ಬೇಕು, ಮನುಷ್ಯರೂ ಗೊತ್ತಿರ್ಬೇಕು.

ಇನ್‌ಸ್ಪೆಕ್ಟರ್ ಬಂದ್ರೆ "ಮ್ಯಾನೇಜ್" ಮಾಡ್ತೀರಾ?

ರಿಜಿಸ್ಟರ್ ತೋರಿಸ್ತೀವಿ, ನೋಟಿಸ್‌ಗೆ ಉತ್ತರ ಬರೀತೀವಿ, ತಪ್ಪಿದ್ರೆ ಸರಿ ಮಾಡೋಕೆ ಟೈಮು ಕೇಳ್ತೀವಿ. ಕವರಲ್ಲಿ ದುಡ್ಡು ಕೊಡೋ ಕೆಲಸ ಮಾಡಲ್ಲ. ಕೆಲವು ಕನ್ಸಲ್ಟೆಂಟ್‌ಗಳು ಅದನ್ನೇ ಸರ್ವಿಸ್ ಅಂತ ಬಿಲ್ ಮಾಡ್ತಾರೆ, ಗೊತ್ತು. ಆದ್ರೆ ಹಂಗೆ ಮುಚ್ಚಿದ ತಪ್ಪು ಫೈಲಲ್ಲಿ ಹಂಗೇ ಇರತ್ತೆ, ಮುಂದಿನ ಸಲ ಬರೋರಿಗೆ ರೇಟು ಜಾಸ್ತಿ.

ಕಂಟ್ರಾಕ್ಟರ್ ಮೂಲಕ ಜನ ತಗೊಂಡ್ರೆ ಈ ಗೋಜೇ ಇಲ್ಲ ಅಂತಾರೆ?

ಕಂಟ್ರಾಕ್ಟರ್ ಸಂಬಳ ಕೊಡದೆ ಓಡಿಹೋದ್ರೆ ಕೊಡ್ಬೇಕಾದ್ದು ನೀವು. ಪಿಎಫ್, ಇಎಸ್‌ಐನೂ ಅಷ್ಟೇ. ಪ್ರತಿ ತಿಂಗಳು ಅವನ ಬಿಲ್ ಪಾಸ್ ಮಾಡೋ ಮುಂಚೆ ಚಲನ್ ಕೇಳಿ, ಬರೀ ಚಲನ್ ಅಲ್ಲ, ಅದರ ಜೊತೆಗಿರೋ ಹೆಸರಿನ ಪಟ್ಟಿನೂ ಕೇಳಿ, ಇಸಿಆರ್ ಅಂತಾರೆ ಅದಕ್ಕೆ. ಅವನು ಇಡೀ ಊರಿನ ಐದು ಫ್ಯಾಕ್ಟರಿಗೂ ಒಂದೇ ಚಲನ್ ತೋರಿಸ್ತಿರ್ತಾನೆ, ಪಟ್ಟಿ ತೆಗೆದು ನಿಮ್ಮ ಗೇಟ್ ರಿಜಿಸ್ಟರ್ ಪಕ್ಕ ಇಟ್ಟು ನೋಡಿದ್ರೆ ನಿಮ್ಮಲ್ಲಿ ಕೆಲಸ ಮಾಡೋ ಮೂವತ್ತು ಜನರಲ್ಲಿ ಒಂಬತ್ತು ಹೆಸರು ಸಿಗತ್ತೆ. ಬಾಕಿಯವರಿಗೆ ಪ್ರೆಸ್ ಮಷಿನಲ್ಲಿ ಬೆರಳು ಹೋದ್ರೆ? ಇಎಸ್‌ಐ ಇದ್ದಿದ್ರೆ ಆಸ್ಪತ್ರೆ ಖರ್ಚು ಅವರದ್ದು, ಕೆಲಸಕ್ಕೆ ಬರೋಕಾಗದ ದಿನಗಳಿಗೆ ಶೇ 90ರಷ್ಟು ಸಂಬಳಾನೂ ಅವರೇ ಕೊಡ್ತಾರೆ, ಅದಕ್ಕೆ ಇಷ್ಟು ತಿಂಗಳು ಕಟ್ಟಿರ್ಬೇಕು ಅನ್ನೋ ಷರತ್ತೂ ಇಲ್ಲ. ಇಲ್ಲದಿದ್ರೆ ಎಲ್ಲಾ ನಿಮ್ಮ ಜೇಬಿಂದ. ಮಾಲೀಕರು 3.25, ಕಾರ್ಮಿಕ 0.75, ನೂರಕ್ಕೆ ನಾಲ್ಕು ರೂಪಾಯಿ ಉಳಿಸೋಕೆ ಹೋಗಿ ಆಗೋ ಅನಾಹುತ ಇದು.

ನಮ್ಮಲ್ಲಿ ಹೆಣ್ಮಕ್ಕಳು ಆರೇ ಜನ. ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಗಿಮಿತಿ ಬೇಕಾ?

ಹೆಂಗಸರು ಎಷ್ಟು ಅಂತಲ್ಲ, ಒಟ್ಟು ಹತ್ತು ಜನ ಇದ್ರೆ ಬೇಕೇ ಬೇಕು. ಇದಕ್ಕೆ ಆಧಾರ ಮೊದಲು ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾನೂನು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧಕ್ಕಿಂತ ಕಮ್ಮಿ ಇಲ್ಲದಷ್ಟು ಮಹಿಳೆಯರು, ಹೊರಗಿನಿಂದ ಒಬ್ಬ ಸದಸ್ಯರು. ಇಲ್ಲ ಅಂದ್ರೆ 50,000 ರೂಪಾಯಿ ತನಕ ದಂಡ. ಗೋಡೆ ಮೇಲೆ ಬೋರ್ಡ್ ಹಾಕಿ ಅದರಲ್ಲಿ ಮಾಲೀಕರ ಹೆಂಡ್ತಿ ಹೆಸರು ಬರೆದ್ರೆ ಸಮಿತಿ ಆಗಲ್ಲ. ಯಾವ ಹುಡುಗಿ ಬಂದು ಅವರ ಹತ್ರ ಹೇಳ್ತಾಳೆ?

ಹೆರಿಗೆ ರಜೆ 26 ವಾರ, ಮೊದಲೆರಡು ಮಕ್ಕಳಿಗೆ. ಇಎಸ್‌ಐ ಇದ್ರೆ ಆ ದುಡ್ಡು ಅವರು ಕೊಡ್ತಾರೆ, ಇದು ಗೊತ್ತಿಲ್ಲದೆ "ಮದುವೆ ಆದವರು ಬೇಡ" ಅನ್ನೋರು ಇದಾರೆ, ಕೇಳಿ ಬೇಜಾರಾಗತ್ತೆ. 2025ರ ಕೊನೆಗೆ ರಾಜ್ಯ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಋತುಚಕ್ರ ರಜೆಯ ಆದೇಶ ಮಾಡ್ತು, ಅದರ ವಿರುದ್ಧ ಹೈಕೋರ್ಟ್‌ಗೂ ಹೋದ್ರು. ಇಂಥದ್ದರಲ್ಲಿ ವಾಟ್ಸ್ಯಾಪ್ ಫಾರ್ವರ್ಡ್ ನಂಬಿ ನೋಟಿಸ್ ಹಾಕ್ಬೇಡಿ, ಆದೇಶದ ಈಗಿನ ಸ್ಥಿತಿ ಕೇಳ್ಕೊಂಡು ಹಾಕಿ.

ಪೇರೋಲ್ ಸಾಫ್ಟ್‌ವೇರ್ ಇದೆ, ಡೌಟ್ ಇದ್ರೆ ಚಾಟ್‌ಜಿಪಿಟಿ ಇದೆ. ಇನ್ನು ನೀವ್ಯಾಕೆ?

ಸಾಫ್ಟ್‌ವೇರ್ ತಗೊಳ್ಳಿ, ನಾವೂ ಅದೇ ಬಳಸೋದು. ಆದ್ರೆ ಏಪ್ರಿಲ್ 1ಕ್ಕೆ ಕರ್ನಾಟಕದಲ್ಲಿ ಕನಿಷ್ಠ ವೇತನದ ವಿಡಿಎ (ಬೆಲೆ ಏರಿಕೆ ನೋಡಿ ಬದಲಾಗೋ ತುಟ್ಟಿಭತ್ಯೆ) ಏರತ್ತೆ ಅನ್ನೋದನ್ನ ಅದಕ್ಕೆ ಹೇಳೋರು ಬೇಕು, ನಿಮ್ಮ ಕೆಲಸ ಯಾವ ಉದ್ಯಮದ ಪಟ್ಟಿಗೆ ಬರತ್ತೆ, ಫ್ಯಾಕ್ಟರಿ ಯಾವ ಝೋನಲ್ಲಿದೆ, ಹೆಲ್ಪರ್ ಅಂತ ಹೆಸರಿಟ್ಟವನು ನಿಜಕ್ಕೂ ಮಷಿನ್ ಓಡಿಸ್ತಿದಾನಾ, ಇದನ್ನೆಲ್ಲ ಒಳಗೆ ಹೋಗಿ ನೋಡಿದವರೇ ಹೇಳ್ಬೇಕು. ತಪ್ಪು ಹಾಕಿದ್ರೆ ಸಾಫ್ಟ್‌ವೇರ್ ಹನ್ನೆರಡು ತಿಂಗಳೂ ಅದೇ ತಪ್ಪನ್ನ ತುಂಬಾ ನೀಟಾಗಿ ಪ್ರಿಂಟ್ ಮಾಡಿ ಕೊಡತ್ತೆ.

ಒಳ್ಳೆ ಕನ್ಸಲ್ಟೆಂಟ್ ಅಂತ ಗುರುತು ಹಿಡಿಯೋದು ಹೆಂಗೆ? ಫೀಸು ಹೆಂಗಿರತ್ತೆ?

ಸಿಎಗೆ ಇನ್‌ಸ್ಟಿಟ್ಯೂಟ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನಮ್ಮ ಕಸುಬಿಗೆ ಅಂಥದ್ದೊಂದು ಲೈಸೆನ್ಸೇ ಇಲ್ಲ, ನಾಳೆ ಯಾರು ಬೇಕಾದ್ರೂ ಬೋರ್ಡ್ ಹಾಕ್ಕೊಬಹುದು. ನಮ್ಮ ರಾಜ್ಯದ ಫ್ಯಾಕ್ಟರಿಗಳಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿ ಪರ್ಸನಲ್ ಡಿಪಾರ್ಟ್‌ಮೆಂಟಲ್ಲಿ ಬೆಳೆದವರು ಒಂದು ಥರ, ಎಂಬಿಎ ಮಾಡಿ ಐಟಿ ಕಂಪನಿ ರಿಕ್ರೂಟ್‌ಮೆಂಟಿಂದ ಬಂದವರು ಇನ್ನೊಂದು ಥರ. ಇಬ್ಬರಲ್ಲೂ ಒಳ್ಳೆಯವರಿದಾರೆ, ಆದ್ರೆ ಕೆಲಸ ಬೇರೆ. ಐಟಿ ರಿಕ್ರೂಟ್‌ಮೆಂಟ್ ಬಿಟ್ಟು ಬೇರೆ ಗೊತ್ತಿಲ್ಲದವರ ಕೈಗೆ ಫೌಂಡ್ರಿಯ ಎನ್‌ಕ್ವೈರಿ ಕೊಡ್ಬೇಡಿ.

ಮೊದಲ ಭೇಟೀಲಿ ಮೂರು ವಿಷ್ಯ ಗಮನಿಸಿ. ಶಾಪ್‌ಫ್ಲೋರ್ ನೋಡೋಣ ಅಂತ ಅವರಾಗೇ ಕೇಳಿದ್ರಾ, ಇಲ್ಲ ಎಸಿ ರೂಮಲ್ಲೇ ಕೊಟೇಷನ್ ತೆಗೆದ್ರಾ. ನಿಮ್ಮ ಒಂದಾದ್ರೂ ಮಾತಿಗೆ "ಅದು ಆಗಲ್ಲ ಸಾರ್" ಅಂದ್ರಾ. ಯಾವುದೋ ಒಂದು ಪ್ರಶ್ನೆಗೆ "ನೋಡಿ ಹೇಳ್ತೀನಿ" ಅಂದ್ರಾ, ಲೇಬರ್ ಕೋಡ್ ಬಂದ ಮೇಲಂತೂ ಎಲ್ಲಾ ಗೊತ್ತು ಅನ್ನೋರನ್ನ ನಾವೇ ನಂಬಲ್ಲ.

ಫೀಸು ಎರಡು ಮೂರು ಥರ. ತಿಂಗಳಿಗಿಷ್ಟು ಅಂತ ರಿಟೇನರ್, ತಲೆಗಿಷ್ಟು ಅಂತ ಪೇರೋಲ್ ಲೆಕ್ಕ, ಎನ್‌ಕ್ವೈರಿ ಅಥವಾ ಸೆಟಲ್‌ಮೆಂಟ್‌ಗೆ ಬೇರೆ. ಜನರನ್ನ ಹುಡುಕಿ ಕೊಡೋ ಪ್ಲೇಸ್‌ಮೆಂಟ್‌ಗೆ ವರ್ಷದ ಸಿಟಿಸಿಯ (ಒಬ್ಬರ ಮೇಲೆ ಕಂಪನಿ ಮಾಡೋ ಒಟ್ಟು ಖರ್ಚು) ಶೇ 8.33, ಅಂದ್ರೆ ಒಂದು ತಿಂಗಳ ಸಂಬಳ, ಅನ್ನೋದು ರೂಢಿ, ಮೂರು ತಿಂಗಳೊಳಗೆ ಬಿಟ್ಟು ಹೋದ್ರೆ ಬದಲಿ ಕೊಡ್ತಾರಾ ಅಂತ ಬರೆಸ್ಕೊಳ್ಳಿ. ತೀರಾ ಕಮ್ಮಿ ರೇಟಿಗೆ ಎಲ್ಲಾ ಮಾಡ್ತೀವಿ ಅನ್ನೋರ ಹತ್ರ ಎಷ್ಟು ಫ್ಯಾಕ್ಟರಿಗೆ ಎಷ್ಟು ಜನ ಅಂತ ಕೇಳಿ. ಒಬ್ಬನೇ ಹುಡುಗ ನಲವತ್ತು ಕಂಪನಿ ನೋಡ್ತಿದ್ರೆ ನಿಮ್ಮ ಫೈಲು ತೆರೆಯೋದು ನೋಟಿಸ್ ಬಂದಾಗಲೇ.

ನಾನು ಕಾರ್ಮಿಕ. ಕನ್ಸಲ್ಟೆಂಟ್ ನಮ್ಮ ಪರ ಇರ್ತಾರಾ?

ಇಲ್ಲ, ಅವರಿಗೆ ದುಡ್ಡು ಕೊಡೋದು ಮಾಲೀಕರು. ನಿಮಗೆ ತೊಂದರೆ ಆದ್ರೆ ಯೂನಿಯನ್, ಲೇಬರ್ ಆಫೀಸ್, ಪಿಎಫ್ ಆಫೀಸ್ ಇದಾವೆ. ಆದ್ರೆ ಒಳ್ಳೆಯವರು ಇದ್ದ ಕಡೆ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್ ಸರಿಯಾಗಿ ಬರತ್ತೆ, ಕೆಲಸ ಬಿಟ್ಟ ಮೇಲೆ ಎರಡು ವರ್ಕಿಂಗ್ ಡೇಸಲ್ಲಿ ಸೆಟಲ್‌ಮೆಂಟ್ ಕೊಡ್ಬೇಕು ಅನ್ನೋ ಹೊಸ ರೂಲು ಮಾಲೀಕರಿಗೆ ನೆನಪಿಸೋರು ಇರ್ತಾರೆ. ಆ ಮಟ್ಟಿಗೆ ನಿಮಗೂ ಲಾಭಾನೇ.

ಕೆಲಸ ಕೊಡಿಸ್ತೀವಿ, ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂತಿದಾರೆ. ಕಟ್ಟಲಾ?

ಬೇಡ. ಪ್ಲೇಸ್‌ಮೆಂಟ್ ಫೀಸು ಕಂಪನಿಯವರು ಕೊಡೋದು, ಕೆಲಸ ಹುಡುಕೋರಲ್ಲ.

ಮೊದಲ ಭೇಟಿಗೆ ಏನೇನು ತೆಗೆದಿಟ್ಟಿರ್ಬೇಕು?

ಮೂರು ತಿಂಗಳ ಸಂಬಳದ ಶೀಟು, ಪಿಎಫ್ ಮತ್ತು ಇಎಸ್‌ಐ ಚಲನ್ನು, ಹಾಜರಿ ಪುಸ್ತಕ ಇಲ್ಲ ಬಯೋಮೆಟ್ರಿಕ್ ರಿಪೋರ್ಟು, ಕಂಟ್ರಾಕ್ಟರ್ ಅಗ್ರಿಮೆಂಟು, ಯಾರಿಗಾದ್ರೂ ಕೊಟ್ಟಿರೋ ಒಂದು ಅಪಾಯಿಂಟ್‌ಮೆಂಟ್ ಲೆಟರು. ಬಂದಿರೋ ನೋಟಿಸ್ ಯಾವುದಾದ್ರೂ ಇದ್ರೆ ಅದನ್ನ ಬಚ್ಚಿಡಬೇಡಿ, ಕವರ್ ಸಮೇತ ಇಡಿ, ಯಾವತ್ತು ತಲುಪಿತು ಅನ್ನೋದು ಅದರ ಮೇಲಿರತ್ತೆ. ರಿಜಿಸ್ಟರ್ ಬರೆದಿಲ್ಲ ಅಂತ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಲ್ಲಿ ಆರು ತಿಂಗಳದ್ದು ತುಂಬಿಸಬೇಡಿ, ಖಾಲಿ ಇದ್ರೆ ಖಾಲಿನೇ ತೋರಿಸಿ. ಶಿಫ್ಟ್ ನಡೀತಿರೋ ಹೊತ್ತಲ್ಲೇ ಕರೀರಿ, ಭಾನುವಾರ ಬೇಡ.